ಹೃದಯದ ಮಾತ್ರೆ, ಮನಸ್ಸಿನ ಮಾತ್ರೆ ಮತ್ತು ಲೆಕ್ಕಕ್ಕೆ ಸಿಗದ ಮೂರನೆಯದು

(ಹಿರಿಯ ನಾಗರಿಕರು ಮತ್ತು ಅವರನ್ನು ನೋಡಿಕೊಳ್ಳುವ ಮನೆಯವರಿಗಾಗಿ ವೈದ್ಯರೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)

ಹೃದಯಾಘಾತವಾಗಿ ಆಸ್ಪತ್ರೆ ಸೇರಿ ಬದುಕಿ ಬಂದವರಲ್ಲಿ ಹೆಚ್ಚುಕಡಿಮೆ ಐವರಿಗೊಬ್ಬರು ಚಿಕಿತ್ಸೆ ಬೇಕಾಗುವಷ್ಟು ಖಿನ್ನತೆಗೆ ಒಳಗಾಗುತ್ತಾರೆ. ಈ ಸಭೆಯಲ್ಲಿ ಹೃದಯದ ಮಾತ್ರೆ ನುಂಗುವವರು ಎಷ್ಟು ಮಂದಿ ಎಂದು ಕೇಳಿದರೆ ಬಹಳಷ್ಟು ಕೈಗಳು ಮೇಲೇಳುತ್ತವೆ. ಖಿನ್ನತೆಯ ಮಾತ್ರೆ ಯಾರು ಯಾರು ನುಂಗುತ್ತೀರಿ ಎಂದು ನಾನು ಕೇಳುವುದಿಲ್ಲ. ಅದನ್ನು ನುಂಗುವವರಲ್ಲಿ ಎಷ್ಟೋ ಜನ ಒಡಹುಟ್ಟಿದ ಅಣ್ಣನಿಗೂ ಹೇಳಿರುವುದಿಲ್ಲ. ಅಣ್ಣನಿಗೆ ಹೇಳದಿದ್ದರೆ ನಡೆಯುತ್ತದೆ. ಹೃದಯದ ವೈದ್ಯರಿಗೆ ಹೇಳದಿದ್ದರೆ ನಡೆಯುವುದಿಲ್ಲ. ಇವತ್ತು ನಾನು ಮಾತನಾಡಬೇಕೆಂದಿರುವುದು ಇದರ ಬಗ್ಗೆಯೇ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ಏಕೆಂದರೆ ಅನೇಕರು ಅದನ್ನು ಕೇಳಲೆಂದೇ ಬಂದಿದ್ದೀರಿ. ಹೃದಯದ ಮಾತ್ರೆಗಳ ಜೊತೆಗೆ ಖಿನ್ನತೆಯ ಮಾತ್ರೆಯನ್ನು ತೆಗೆದುಕೊಳ್ಳಬಹುದು. ಸರಿಯಾದದ್ದನ್ನು ಆರಿಸಿ, ಕಡಿಮೆ ಪ್ರಮಾಣದಿಂದ ಶುರು ಮಾಡಿ, ಒಂದೆರಡು ಪರೀಕ್ಷೆ ಮಾಡಿಸುತ್ತಾ ಹೋದರೆ ಬಹುಪಾಲು ಜನರಿಗೆ ತೊಂದರೆಯಾಗುವುದಿಲ್ಲ. ನನ್ನನ್ನು ಹೆಚ್ಚು ಕಾಡುವುದು ಈ ಎರಡು ಮಾತ್ರೆಗಳಲ್ಲ. ಇವೆರಡರ ನಡುವೆ ಸದ್ದಿಲ್ಲದೆ ಸೇರಿಕೊಳ್ಳುವ ಮೂರನೆಯ ಮಾತ್ರೆ: ಗ್ಯಾಸಿಗೆಂದು ನುಂಗುವುದು, ಮಂಡಿನೋವಿಗೆಂದು ನುಂಗುವುದು, ಕಾಲುರಿಗೆಂದು ನುಂಗುವುದು. ಯಾರೂ ಲೆಕ್ಕಕ್ಕೆ ಹಿಡಿಯದ ಮಾತ್ರೆ ಅದು. ಅದರ ಬಗ್ಗೆ ನಿಧಾನವಾಗಿ ಹೇಳುತ್ತೇನೆ.

ಖಿನ್ನತೆ ಮನೆಯಲ್ಲಿ ಹೇಗೆ ಕಾಣುತ್ತದೆ ಎಂಬುದನ್ನು ಮೊದಲು ನೋಡೋಣ. ಸ್ಟೆಂಟ್ ಹಾಕಿಸಿಕೊಂಡು ಬಂದ ಯಜಮಾನರು ಬೆಳಗಿನ ಜಾವ ಮೂರಕ್ಕೇ ಎದ್ದು ಹಾಸಿಗೆಯ ಮೇಲೆ ಕುಳಿತಿರುತ್ತಾರೆ. ಪತ್ರಿಕೆ ಬಂದದ್ದು ಬಂದ ಹಾಗೆಯೇ ಮಡಿಸಿಕೊಂಡು ಬಿದ್ದಿರುತ್ತದೆ. ತಟ್ಟೆಯಲ್ಲಿ ಅನ್ನ ಮಿಗುತ್ತದೆ. ವಾಕಿಂಗ್ ಹೋಗಿ ಬನ್ನಿ ಎಂದರೆ ನಾಳೆ ಎನ್ನುತ್ತಾರೆ. ಮೊಮ್ಮಗು ಮಡಿಲಿಗೆ ಬಂದರೂ ಮುಖ ಅರಳುವುದಿಲ್ಲ. ಮನೆಯವರು ‘ಧೈರ್ಯ ತಂದುಕೊಳ್ಳಿ, ಆಪರೇಷನ್ ಆಯಿತಲ್ಲ, ಇನ್ನೇನು’ ಎನ್ನುತ್ತಾರೆ. ಮೊದಲ ಕೆಲವು ದಿನ ಯಾರಿಗಾದರೂ ಹೀಗಾಗುವುದು ಸಹಜ. ಎರಡು ವಾರ ಕಳೆದರೂ ದಿನವಿಡೀ ಇದೇ ಸ್ಥಿತಿ ಮುಂದುವರಿದರೆ ಅದನ್ನು ಕಾಯಿಲೆ ಎಂದೇ ತಿಳಿಯಬೇಕು. ಧೈರ್ಯ ಹೇಳಿದರೆ ಜ್ವರ ಇಳಿಯುವುದಿಲ್ಲ, ಇದೂ ಇಳಿಯುವುದಿಲ್ಲ.

ಇದನ್ನು ಹೃದಯದ ವೈದ್ಯರು ಏಕೆ ತಲೆಗೆ ಹಚ್ಚಿಕೊಳ್ಳಬೇಕು? ಕೆನಡಾದ ಮಾಂಟ್ರಿಯಲ್‌ನಲ್ಲಿ ಹೃದಯಾಘಾತಕ್ಕೆ ಒಳಗಾದ 222 ರೋಗಿಗಳ ಬೆನ್ನುಹತ್ತಿ ನಡೆಸಿದ ಅಧ್ಯಯನವೊಂದು 1993ರಲ್ಲಿ ಪ್ರಕಟವಾಯಿತು. ಖಿನ್ನತೆ ಇದ್ದವರು ಮೊದಲ ಆರು ತಿಂಗಳೊಳಗೆ ಸಾಯುವ ಸಾಧ್ಯತೆ ಖಿನ್ನತೆ ಇಲ್ಲದವರಿಗಿಂತ ಹಲವು ಪಟ್ಟು ಹೆಚ್ಚಾಗಿತ್ತು. ಮುಂದಿನ ಎರಡು ದಶಕಗಳಲ್ಲಿ ಬೇರೆ ಬೇರೆ ದೇಶಗಳಲ್ಲಿ ಇದೇ ಮಾತು ಮತ್ತೆ ಮತ್ತೆ ಕಂಡುಬಂದ ಮೇಲೆ, ಹೃದಯಾಘಾತವಾದವರ ಪಾಲಿಗೆ ಖಿನ್ನತೆಯನ್ನೂ ಒಂದು ಅಪಾಯಕಾರಿ ಅಂಶವೆಂದು ಪರಿಗಣಿಸಬೇಕೆಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2014ರಲ್ಲಿ ಹೇಳಿತು. ಕಾರಣಗಳಲ್ಲಿ ಕೆಲವು ಕಣ್ಣಿಗೆ ಕಾಣುವಂಥವು. ಮನಸ್ಸು ಕುಸಿದವರು ಮಾತ್ರೆ ಬಿಡುತ್ತಾರೆ, ನಡಿಗೆ ಬಿಡುತ್ತಾರೆ, ಬಿಟ್ಟ ಬೀಡಿಯನ್ನು ಮತ್ತೆ ಹಿಡಿಯುತ್ತಾರೆ. ಕೆಲವು ಕಾರಣಗಳು ದೇಹದ ಒಳಗಿನವು: ಒತ್ತಡದ ಹಾರ್ಮೋನುಗಳು ಏರಿರುತ್ತವೆ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಹೆಚ್ಚು ಅಂಟಿಕೊಳ್ಳುತ್ತವೆ.

ಇಂಥವರಿಗೆ ಮನೋವೈದ್ಯರು ಮಾತ್ರೆ ಬರೆದುಕೊಟ್ಟಾಗ ‘ಹೃದಯ ಇದನ್ನು ತಡೆದುಕೊಳ್ಳುತ್ತದೆಯೇ’ ಎಂಬ ಅಂಜಿಕೆ ಮೂಡುತ್ತದೆ. ಈ ಅಂಜಿಕೆಗೆ ಆಧಾರವಿದೆ, ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ತಪ್ಪು. ಹೃದಯದ ಔಷಧ ಮನಸ್ಸನ್ನು ಮುಟ್ಟುತ್ತದೆ, ಮನಸ್ಸಿನ ಔಷಧ ಹೃದಯವನ್ನು ಮುಟ್ಟುತ್ತದೆ ಎಂಬುದು ವೈದ್ಯರಿಗೆ ಮನದಟ್ಟಾಗಲು ನಮ್ಮ ನೆಲದ ಗಿಡವೊಂದೂ ಕಾರಣವಾಯಿತು. ಪಶ್ಚಿಮ ಘಟ್ಟದ ಕಾಡುಗಳಲ್ಲೂ ಬೆಳೆಯುವ ಸರ್ಪಗಂಧದ ಬೇರು ರಕ್ತದೊತ್ತಡವನ್ನು ಇಳಿಸುತ್ತದೆ ಎಂದು ಮುಂಬಯಿಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದರು. ಮೂರು ವರ್ಷಗಳ ನಂತರ ಸ್ವಿಟ್ಜರ್ಲೆಂಡಿನಲ್ಲಿ ಆ ಬೇರಿನಿಂದ ರೆಸರ್ಪಿನ್ ಎಂಬ ರಾಸಾಯನಿಕವನ್ನು ಬೇರ್ಪಡಿಸಿದರು. ಜಗತ್ತಿನಾದ್ಯಂತ ಬಿಪಿಗೆ ಅದನ್ನು ಕೊಡತೊಡಗಿದಾಗ ಕೆಲವು ರೋಗಿಗಳು ಮಂಕಾದರು, ಖಿನ್ನರಾದರು. ಈ ಔಷಧ ದೇಹದಲ್ಲಿರುವ ಸಿರೊಟೋನಿನ್ ಎಂಬ ವಸ್ತುವನ್ನು ಬರಿದು ಮಾಡುತ್ತದೆ ಎಂಬುದು 1955ರಲ್ಲಿ ತಿಳಿಯಿತು. ಖಿನ್ನತೆಗೂ ಸಿರೊಟೋನಿನ್ನಿಗೂ ನಂಟಿರಬಹುದೆಂಬ ಊಹೆಗೆ ಬಲ ಬಂದದ್ದು ಹೀಗೆ. ಇವತ್ತಿಗೂ ಸರ್ಪಗಂಧದ ಗುಳಿಗೆಗಳು ಬಿಪಿಗೆ, ನಿದ್ದೆಗೆ ಎಂದು ಅಂಗಡಿಗಳಲ್ಲಿ ಸಿಗುತ್ತವೆ. ಗಿಡಮೂಲಿಕೆ ತಾನೇ ಎಂದು ಅವುಗಳನ್ನು ವೈದ್ಯರಿಂದ ಮುಚ್ಚಿಡಬೇಡಿ. ಅವು ನಾಡಿಯನ್ನು ನಿಧಾನಗೊಳಿಸಬಲ್ಲವು, ಖಿನ್ನತೆಯನ್ನೂ ತರಬಲ್ಲವು.

ಮೊದಲ ತಲೆಮಾರಿನ ಖಿನ್ನತೆಯ ಮಾತ್ರೆಗಳು ಬಂದದ್ದು 1950ರ ದಶಕದ ಕೊನೆಯಲ್ಲಿ. ಇಮಿಪ್ರಮಿನ್, ಅಮಿಟ್ರಿಪ್ಟಿಲಿನ್, ನಾರ್ಟ್ರಿಪ್ಟಿಲಿನ್ ಈ ಗುಂಪಿನವು. ಖಿನ್ನತೆಗೆ ಇವು ಚೆನ್ನಾಗಿಯೇ ಕೆಲಸ ಮಾಡುತ್ತವೆ, ಆದರೆ ಹೃದಯದಲ್ಲಿ ವಿದ್ಯುತ್ ಸಾಗುವ ವೇಗವನ್ನು ತಗ್ಗಿಸುತ್ತವೆ. ಎದ್ದು ನಿಂತಾಗ ಬಿಪಿ ಇಳಿಸಿ ತಲೆ ಸುತ್ತಿಸುತ್ತವೆ. ಹೃದಯದ ಬಡಿತ ಸರಿಪಡಿಸಲೆಂದು ಇಂಥದೇ ಗುಣದ ಎನ್‌ಕೈನೈಡ್, ಫ್ಲೆಕೈನೈಡ್ ಎಂಬ ಔಷಧಗಳನ್ನು ಹೃದಯಾಘಾತವಾದವರಿಗೆ ಕೊಟ್ಟು ನೋಡಿದಾಗ ಸಾವು ಕಡಿಮೆಯಾಗುವ ಬದಲು ಹೆಚ್ಚಾಯಿತೆಂದು 1989ರಲ್ಲಿ ಗೊತ್ತಾಯಿತು. ಅಂದಿನಿಂದ ಹೃದಯ ಪೆಟ್ಟು ತಿಂದವರಿಗೆ ಈ ಹಳೆಯ ಗುಂಪಿನ ಮಾತ್ರೆ ಬರೆಯಲು ವೈದ್ಯರು ಹಿಂಜರಿಯುತ್ತಾರೆ. ಈಚೆಗೆ ಹೃದಯಾಘಾತವಾದವರಿಗೆ ಇವುಗಳನ್ನು ಕೊಡಲೇಬಾರದು.

ಹೊಸ ಗುಂಪಿನ ಮಾತ್ರೆಗಳ ಕಥೆ ಬೇರೆ. ಸರ್ಟ್ರಾಲಿನ್, ಎಸ್ಸಿಟಾಲೋಪ್ರಾಮ್, ಫ್ಲುಯೊಕ್ಸೆಟಿನ್, ಪ್ಯಾರೊಕ್ಸೆಟಿನ್ ಎಂಬ ಹೆಸರುಗಳನ್ನು ನಿಮ್ಮ ಚೀಟಿಯಲ್ಲಿ ನೋಡಿರಬಹುದು. ಹೃದಯಾಘಾತವಾದ ಅಥವಾ ಎದೆನೋವು ಉಲ್ಬಣಿಸಿ ಆಸ್ಪತ್ರೆ ಸೇರಿದ, ಖಿನ್ನತೆಯೂ ಇದ್ದ 369 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸರ್ಟ್ರಾಲಿನ್, ಇನ್ನೊಂದಕ್ಕೆ ಔಷಧವಿಲ್ಲದ ಹುಸಿ ಮಾತ್ರೆಯನ್ನು 24 ವಾರ ಕೊಟ್ಟ ಅಧ್ಯಯನ 2002ರಲ್ಲಿ ಹೊರಬಂತು. ಹೃದಯ ರಕ್ತವನ್ನು ದೂಡುವ ಶಕ್ತಿ ಕುಗ್ಗಲಿಲ್ಲ, ಬಡಿತ ಹದಗೆಡಲಿಲ್ಲ. ಹೃದ್ರೋಗಿಗಳಿಗೆ ವೈದ್ಯರು ಇಂದಿಗೂ ಸರ್ಟ್ರಾಲಿನ್ ಅನ್ನು ಮೊದಲು ನೆನೆಯುವುದು ಇದೇ ಕಾರಣಕ್ಕೆ. ಆದರೆ ಈ ಮಾತ್ರೆ ನುಂಗಿದರೆ ಮುಂದಿನ ಹೃದಯಾಘಾತ ಖಂಡಿತ ತಪ್ಪುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹೃದಯ ದುರ್ಬಲವಾಗಿ ನೀರು ತುಂಬಿಕೊಳ್ಳುವ ರೋಗಿಗಳ ಮೇಲೆ 2010ರಲ್ಲಿ ಸರ್ಟ್ರಾಲಿನ್, 2016ರಲ್ಲಿ ಎಸ್ಸಿಟಾಲೋಪ್ರಾಮ್ ಕುರಿತು ಪ್ರಕಟವಾದ ಅಧ್ಯಯನಗಳಲ್ಲಿ ಹುಸಿ ಮಾತ್ರೆಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಕೊರಿಯಾದಲ್ಲಿ ಹೃದಯಾಘಾತದಂಥ ತುರ್ತಿನಲ್ಲಿ ಆಸ್ಪತ್ರೆ ಸೇರಿದ 300 ಮಂದಿಯ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಾತ್ರ ಎಸ್ಸಿಟಾಲೋಪ್ರಾಮ್ ಪಡೆದವರಿಗೆ ಮುಂದಿನ ವರ್ಷಗಳಲ್ಲಿ ಹೃದಯದ ತೊಂದರೆಗಳು ಕಡಿಮೆಯಾಗಿದ್ದವು. ಖಿನ್ನತೆಯ ಮಾತ್ರೆಯನ್ನು ಖಿನ್ನತೆ ವಾಸಿಯಾಗಲಿ ಎಂದೇ ತೆಗೆದುಕೊಳ್ಳಬೇಕು. ಅಷ್ಟೇ ಸಾಕು, ಅದೇ ದೊಡ್ಡದು. ಖಿನ್ನತೆ ಅಷ್ಟು ತೀವ್ರವಾಗಿಲ್ಲದಿದ್ದರೆ ಆಪ್ತಸಮಾಲೋಚನೆ ಮತ್ತು ವೈದ್ಯರು ಒಪ್ಪಿದ ನಡಿಗೆ, ವ್ಯಾಯಾಮಗಳಿಂದಲೇ ಬಹಳ ಮಂದಿ ಚೇತರಿಸಿಕೊಳ್ಳುತ್ತಾರೆ. ನಡಿಗೆ, ವ್ಯಾಯಾಮದಿಂದ ಹೃದಯಕ್ಕೂ ಲಾಭ.

ಈಗ ಈ ಎರಡು ಬಗೆಯ ಮಾತ್ರೆಗಳು ದೇಹದೊಳಗೆ ಎಲ್ಲಿ ಎದುರಾಗುತ್ತವೆ ಎಂದು ನೋಡೋಣ. ಮೊದಲ ಜಾಗ ಯಕೃತ್ತು. ಹೃದಯಾಘಾತವಾದ ಬಹುತೇಕರಿಗೆ ನಾಡಿ ನಿಧಾನಗೊಳಿಸುವ ಮಾತ್ರೆ ಕೊಡುತ್ತಾರೆ. ನಮ್ಮಲ್ಲಿ ಅದು ಹೆಚ್ಚಾಗಿ ಮೆಟೋಪ್ರೊಲಾಲ್. ಅದನ್ನು ಕರಗಿಸಿ ಹೊರಹಾಕುವುದು ಯಕೃತ್ತಿನ ಒಂದು ಕಿಣ್ವ. ಪ್ಯಾರೊಕ್ಸೆಟಿನ್ ಮತ್ತು ಫ್ಲುಯೊಕ್ಸೆಟಿನ್ ಆ ಕಿಣ್ವವನ್ನು ಬಲವಾಗಿ ತಡೆಯುತ್ತವೆ. ಕೆರೆಗೆ ನೀರು ಎಂದಿನಂತೆ ಹರಿದುಬರುತ್ತಿರುವಾಗ ತೂಬು ಮುಚ್ಚಿದರೆ ಏನಾಗುತ್ತದೆಯೋ ಇಲ್ಲೂ ಅದೇ ಆಗುತ್ತದೆ. ನೀವು ನುಂಗುವುದು ಅದೇ 50 ಮಿಲಿಗ್ರಾಂ, ಆದರೆ ರಕ್ತದಲ್ಲಿ ಮೆಟೋಪ್ರೊಲಾಲ್ ಹಲವು ಪಟ್ಟು ಏರಿರುತ್ತದೆ. ನಾಡಿ 50ಕ್ಕಿಂತ ಕೆಳಗಿಳಿಯಬಹುದು, ಬಚ್ಚಲಿಗೆ ಎದ್ದು ಹೋಗುವಾಗ ಕಣ್ಣು ಕತ್ತಲೆ ಬರಬಹುದು. ‘ಖಿನ್ನತೆಯ ಮಾತ್ರೆ ಶುರು ಮಾಡಿದ ಮೇಲೆ ಸುಸ್ತು ಹೆಚ್ಚಾಯಿತು’ ಎಂದು ಹೇಳುವವರ ನಾಡಿ ಹಿಡಿದು ನೋಡಬೇಕಾದದ್ದು ಇದಕ್ಕಾಗಿ. ಸರ್ಟ್ರಾಲಿನ್ ಕಡಿಮೆ ಪ್ರಮಾಣದಲ್ಲಿ ಈ ಕಿಣ್ವವನ್ನು ಅಷ್ಟಾಗಿ ತಡೆಯುವುದಿಲ್ಲ. ಎಸ್ಸಿಟಾಲೋಪ್ರಾಮ್ ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಫ್ಲುಯೊಕ್ಸೆಟಿನ್ ಬಗ್ಗೆ ಇನ್ನೊಂದು ಸಂಗತಿಯಿದೆ: ಅದನ್ನು ನಿಲ್ಲಿಸಿದ ಮೇಲೂ ಅದರ ಪರಿಣಾಮ ವಾರಗಟ್ಟಲೆ ದೇಹದಲ್ಲಿ ಉಳಿಯುತ್ತದೆ. ಹೋದ ತಿಂಗಳು ನಿಲ್ಲಿಸಿದ ಮಾತ್ರೆಯನ್ನೂ ವೈದ್ಯರಿಗೆ ಹೇಳಬೇಕು.

ಕೆಲವು ಮನೆಗಳಲ್ಲಿ ಇದರ ಉಲ್ಟಾ ನಡೆಯುತ್ತದೆ. ಮೆಟೋಪ್ರೊಲಾಲ್‌ನಿಂದಲೇ ಖಿನ್ನತೆ ಬಂತು ಎಂದು ಎಲ್ಲೋ ಓದಿ ಅದನ್ನೇ ನಿಲ್ಲಿಸಿಬಿಡುತ್ತಾರೆ. ಈ ಗುಂಪಿನ ಮಾತ್ರೆಗಳು ಹುಸಿ ಮಾತ್ರೆಗಿಂತ ಹೆಚ್ಚು ಖಿನ್ನತೆ ತರುವುದಿಲ್ಲ ಎಂದು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2021ರ ವಿಶ್ಲೇಷಣೆ ಹೇಳುತ್ತದೆ. ನಿದ್ದೆ ಕೆಡಬಹುದು, ವಿಚಿತ್ರ ಕನಸು ಬೀಳಬಹುದು. ಆದರೆ ಇವುಗಳನ್ನು ಒಮ್ಮೆಲೇ ನಿಲ್ಲಿಸಿದರೆ ಎದೆನೋವು ಮರುಕಳಿಸಿ ಹೃದಯಾಘಾತವೇ ಆಗಬಹುದು. ದಯವಿಟ್ಟು ಹಾಗೆ ಮಾಡಬೇಡಿ.

ಎರಡನೆಯ ಜಾಗ ರಕ್ತ. ಸ್ಟೆಂಟ್ ಹಾಕಿದ ಮೇಲೆ ಆಸ್ಪಿರಿನ್ ಮತ್ತು ಕ್ಲೊಪಿಡೋಗ್ರೆಲ್ ಎರಡನ್ನೂ ಕೊಡುತ್ತಾರೆ. ನಾವು ‘ರಕ್ತ ತೆಳುವಾಗುವ ಮಾತ್ರೆ’ ಎನ್ನುವುದು ಇವುಗಳನ್ನೇ. ಇವು ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟದಂತೆ ನೋಡಿಕೊಳ್ಳುತ್ತವೆ. ಪ್ಲೇಟ್‌ಲೆಟ್‌ಗಳಿಗೆ ಅಂಟಲು ಸಿರೊಟೋನಿನ್ನೂ ಬೇಕು. ಅದನ್ನು ಅವು ತಾವೇ ತಯಾರಿಸಲಾರವು, ರಕ್ತದಿಂದ ಹೀರಿಕೊಳ್ಳಬೇಕು. ಹೊಸ ಗುಂಪಿನ ಖಿನ್ನತೆಯ ಮಾತ್ರೆಗಳು ಮೆದುಳಿನಲ್ಲಿ ಮಾಡುವ ಕೆಲಸವನ್ನೇ ಇಲ್ಲೂ ಮಾಡಿ ಆ ಹೀರುವಿಕೆಯನ್ನು ತಡೆಯುತ್ತವೆ. ಹಾಗಾಗಿ ಮೂರೂ ಸೇರಿದಾಗ ರಕ್ತಸ್ರಾವದ ಸಾಧ್ಯತೆ, ಮುಖ್ಯವಾಗಿ ಹೊಟ್ಟೆಯಲ್ಲಿ, ಹೆಚ್ಚುತ್ತದೆ. ಹಾಗೆಂದು ಆಸ್ಪಿರಿನ್, ಕ್ಲೊಪಿಡೋಗ್ರೆಲ್ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಸ್ಟೆಂಟ್‌ನೊಳಗೆ ರಕ್ತ ಹೆಪ್ಪುಗಟ್ಟಿ ಅದು ಕಟ್ಟಿಕೊಳ್ಳಬಹುದು. ಹೊಟ್ಟೆಯನ್ನು ಕಾಪಾಡುವ ಮಾತ್ರೆಯನ್ನು ಜೊತೆಗೆ ಕೊಟ್ಟು, ಲಕ್ಷಣಗಳ ಮೇಲೆ ಕಣ್ಣಿಟ್ಟಿರುವುದೇ ದಾರಿ. ಮಲ ಡಾಂಬರಿನಂತೆ ಕಪ್ಪಾಗಿ ಅಂಟಂಟಾಗಿ ಹೋದರೆ, ಕಾರಣವಿಲ್ಲದೆ ಮೈಮೇಲೆ ನೀಲಿ ಕಲೆಗಳು ಮೂಡಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕೃತಕ ಕವಾಟ ಹಾಕಿಸಿಕೊಂಡು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಅಥವಾ ಅಸೆನೊಕೌಮರಾಲ್ ತೆಗೆದುಕೊಳ್ಳುವವರು ಯಾವುದೇ ಖಿನ್ನತೆಯ ಮಾತ್ರೆ ಶುರು ಮಾಡಿದರೂ, ನಿಲ್ಲಿಸಿದರೂ ಒಂದು ವಾರದೊಳಗೆ, ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಎಂದು ಅಳೆಯುವ ಐಎನ್‌ಆರ್ ಪರೀಕ್ಷೆ ಮಾಡಿಸಬೇಕು.

ಮೂರನೆಯದು ಹೃದಯದ ವಿದ್ಯುತ್ತು. ಪ್ರತಿ ಬಡಿತದ ನಂತರ ಹೃದಯ ಮತ್ತೆ ಸಜ್ಜಾಗಲು ಒಂದಿಷ್ಟು ಸಮಯ ಬೇಕು. ಇಸಿಜಿಯಲ್ಲಿ ಅದನ್ನು ‘ಕ್ಯೂಟಿ’ ಎಂದು ಅಳೆಯುತ್ತಾರೆ. ನಾಡಿಯ ವೇಗಕ್ಕೆ ಸರಿಹೊಂದಿಸಿದ ಈ ಅಳತೆ ಗಂಡಸರಲ್ಲಿ 450, ಹೆಂಗಸರಲ್ಲಿ 460 ಮಿಲಿಸೆಕೆಂಡು ದಾಟಿದರೆ ಹೆಚ್ಚಾಗಿದೆ ಎಂದರ್ಥ. 500 ದಾಟಿದರೆ ಬಡಿತ ಇದ್ದಕ್ಕಿದ್ದಂತೆ ಹಳಿ ತಪ್ಪಿ ಪ್ರಜ್ಞೆ ಹೋಗಬಹುದು, ಪ್ರಾಣವೂ ಹೋಗಬಹುದು. ಸಿಟಾಲೋಪ್ರಾಮ್ ಮತ್ತು ಅದರ ಹತ್ತಿರದ ಬಂಧು ಎಸ್ಸಿಟಾಲೋಪ್ರಾಮ್ ಈ ಅಳತೆಯನ್ನು ಪ್ರಮಾಣಕ್ಕೆ ತಕ್ಕಂತೆ ಹಿಗ್ಗಿಸುತ್ತವೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2011ರಲ್ಲಿ ಸಿಟಾಲೋಪ್ರಾಮ್ ದಿನಕ್ಕೆ 40 ಮಿಲಿಗ್ರಾಂ ಮೀರಬಾರದೆಂದಿತು. 2012ರಲ್ಲಿ 60 ವರ್ಷ ದಾಟಿದವರಿಗೆ 20 ಮಿಲಿಗ್ರಾಂ ಸಾಕೆಂದಿತು. ಬ್ರಿಟನ್ನಿನಲ್ಲಿ 65 ದಾಟಿದವರಿಗೆ ಎಸ್ಸಿಟಾಲೋಪ್ರಾಮ್ 10 ಮಿಲಿಗ್ರಾಮಿಗೆ ಮಿತಿಗೊಳಿಸಿದರು. ಬಡಿತದ ತೊಂದರೆಗೆ ಅಮಿಯೊಡರೋನ್ ತೆಗೆದುಕೊಳ್ಳುವವರಿಗೆ ಇವೆರಡನ್ನೂ ಬಿಟ್ಟು ಬೇರೆಯದನ್ನು ಆರಿಸುವುದು ಒಳ್ಳೆಯದು.

ನಾಲ್ಕನೆಯದಾದ ಸೋಡಿಯಂ ಬಗ್ಗೆ ಜನರಿಗೆ ಗೊತ್ತಿರುವುದು ಕಡಿಮೆ, ಆದರೆ ವಯಸ್ಸಾದ ಹೆಂಗಸರನ್ನು ಇದು ಬಹಳ ಬೇಗ ನೆಲಕ್ಕೆ ಕೆಡಹುತ್ತದೆ. ನಿಮ್ಮ ಬಿಪಿ ಮಾತ್ರೆಯ ಪಟ್ಟಿಯನ್ನು (ಸ್ಟ್ರಿಪ್) ಮನೆಗೆ ಹೋಗಿ ತಿರುಗಿಸಿ ನೋಡಿ. ಹೆಸರಿನ ಕೊನೆಯಲ್ಲಿ ‘ಎಚ್’ ಎಂಬ ಅಕ್ಷರವಿದ್ದರೆ, ಸಾಮಾನ್ಯವಾಗಿ ಅದರಲ್ಲಿ ಹೈಡ್ರೋಕ್ಲೋರೋಥಿಯಾಜೈಡ್ ಎಂಬ ಮೂತ್ರ ಹೆಚ್ಚಿಸುವ ಔಷಧ ಸೇರಿರುತ್ತದೆ. ಅದು ಸೋಡಿಯಂ ಅನ್ನು ಹೊರಗೆ ಕಳುಹಿಸುತ್ತದೆ. ಖಿನ್ನತೆಯ ಮಾತ್ರೆ ದೇಹದಲ್ಲಿ ನೀರು ಉಳಿಯುವಂತೆ ಮಾಡಿ ಇದ್ದ ಸೋಡಿಯಂ ಅನ್ನೂ ತೆಳುಗೊಳಿಸಬಲ್ಲದು. 135ರಿಂದ 145ರ ನಡುವೆ ಇರಬೇಕಾದ ಸೋಡಿಯಂ 120ರ ಆಸುಪಾಸಿಗೆ ಇಳಿದರೆ ಅಜ್ಜಿ ಮಂಕಾಗುತ್ತಾರೆ, ವಾಕರಿಕೆ ಎನ್ನುತ್ತಾರೆ, ಮಗನನ್ನು ಅಳಿಯನ ಹೆಸರಿನಿಂದ ಕರೆಯುತ್ತಾರೆ, ನಡೆಯುವಾಗ ತೂರಾಡಿ ಬೀಳುತ್ತಾರೆ. ಮನೆಯವರು ಖಿನ್ನತೆ ಹೆಚ್ಚಾಯಿತೆಂದೋ ಅರಳುಮರಳೆಂದೋ ತಿಳಿಯುತ್ತಾರೆ, ಕೆಲವೊಮ್ಮೆ ಖಿನ್ನತೆಯ ಮಾತ್ರೆಯ ಪ್ರಮಾಣವನ್ನೇ ಏರಿಸಿಕೊಂಡು ಬರುತ್ತಾರೆ. ಮಾತ್ರೆ ಶುರು ಮಾಡುವ ಮೊದಲು ಒಮ್ಮೆ, ಆಮೇಲೆ ಎರಡು ವಾರದೊಳಗೆ ಇನ್ನೊಮ್ಮೆ ಸೋಡಿಯಂ ಪರೀಕ್ಷೆ ಮಾಡಿಸಿದರೆ ಇದನ್ನು ಹಿಡಿಯಬಹುದು. ತಾಲ್ಲೂಕು ಮಟ್ಟದಲ್ಲೂ ಸಿಗುವ ರಕ್ತಪರೀಕ್ಷೆ ಇದು. ಇಷ್ಟು ಸುಲಭವಾದದ್ದನ್ನು ಮಾಡಿಸದೆ ಸೊಂಟದ ಮೂಳೆ ಮುರಿದುಕೊಂಡು ಬರುವುದನ್ನು ನೋಡಿದರೆ ಸಂಕಟವಾಗುತ್ತದೆ.

ಇನ್ನು ಆ ಮೂರನೆಯ ಮಾತ್ರೆ. ನಮ್ಮಲ್ಲಿ ಹಿರಿಯರು ಮಾತ್ರೆಗಳನ್ನು ಔಷಧಿ ಅಂಗಡಿಯವರು ಕೊಟ್ಟ ಪ್ಲಾಸ್ಟಿಕ್ ಕವರಿನಲ್ಲೇ ಇಟ್ಟುಕೊಂಡಿರುತ್ತಾರೆ. ಸ್ಟೆಂಟ್ ಹಾಕಿಸಿಕೊಂಡ, ಸಕ್ಕರೆ ಕಾಯಿಲೆಯೂ ಇರುವ ಒಬ್ಬರ ಕವರನ್ನು ಮೇಜಿನ ಮೇಲೆ ಸುರಿದೆವು ಎಂದುಕೊಳ್ಳಿ. ಹೃದಯದ ವೈದ್ಯರು ಕೊಟ್ಟ ಆಸ್ಪಿರಿನ್, ಕ್ಲೊಪಿಡೋಗ್ರೆಲ್, ಅಟೊರ್ವಾಸ್ಟಾಟಿನ್, ಮೆಟೋಪ್ರೊಲಾಲ್, ಟೆಲ್ಮಿಸಾರ್ಟಾನ್ ಕಾಣುತ್ತವೆ. ಮನೋವೈದ್ಯರು ಕೊಟ್ಟ ಎಸ್ಸಿಟಾಲೋಪ್ರಾಮ್ ಇದೆ. ಆಮೇಲೆ ಚೀಟಿಯಿಲ್ಲದ ಪಟ್ಟಿಗಳು ಒಂದೊಂದಾಗಿ ಹೊರಬರುತ್ತವೆ.

ಮೊದಲು ಬರುವುದು ಗ್ಯಾಸ್ ಮಾತ್ರೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಅದನ್ನು ನುಂಗದೆ ಕಾಫಿ ಕುಡಿಯದವರು ನಮ್ಮಲ್ಲಿ ಎಷ್ಟಿಲ್ಲ! ಅದು ಒಮೆಪ್ರಜೋಲ್ ಆಗಿದ್ದರೆ ಎರಡು ಕಡೆ ಕೈ ಹಾಕುತ್ತದೆ. ಕ್ಲೊಪಿಡೋಗ್ರೆಲ್ ಯಕೃತ್ತಿನ ಒಂದು ಕಿಣ್ವದಿಂದ ಬದಲಾದ ಮೇಲೆಯೇ ಕೆಲಸ ಮಾಡುವ ಔಷಧ, ಒಮೆಪ್ರಜೋಲ್ ಆ ಕಿಣ್ವವನ್ನು ತಡೆದು ಅದರ ಶಕ್ತಿ ಕುಂದಿಸುತ್ತದೆ. ಅದೇ ಕಿಣ್ವ ಎಸ್ಸಿಟಾಲೋಪ್ರಾಮ್ ಅನ್ನು ಕರಗಿಸಬೇಕಾದದ್ದೂ ಹೌದು. ಹಾಗಾಗಿ ರಕ್ತದಲ್ಲಿ ಎಸ್ಸಿಟಾಲೋಪ್ರಾಮ್ ಸುಮಾರು ಅರ್ಧದಷ್ಟು ಹೆಚ್ಚಾಗುತ್ತದೆ. ಹುಟ್ಟಿನಿಂದಲೇ ಈ ಕಿಣ್ವ ದುರ್ಬಲವಾಗಿರುವವರು ದಕ್ಷಿಣ ಏಷ್ಯಾದಲ್ಲಿ ಬಹಳ ಮಂದಿ ಇದ್ದಾರೆ, ಆದ್ದರಿಂದ ಈ ಮಾತು ನಮಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. ಪ್ಯಾಂಟಪ್ರಜೋಲ್ ಈ ವಿಷಯದಲ್ಲಿ ವಾಸಿ. ಆದರೆ ಅಂಗಡಿಯಲ್ಲಿ ‘ಗ್ಯಾಸಿಗೆ ಒಳ್ಳೆಯದು ಕೊಡಿ’ ಎಂದರೆ ಹೆಚ್ಚಾಗಿ ಸಿಗುವುದು ಪ್ಯಾಂಟಪ್ರಜೋಲ್ ಜೊತೆ ಡೊಂಪೆರಿಡೋನ್ ಬೆರೆತ ಕ್ಯಾಪ್ಸೂಲ್. ಅದರಲ್ಲಿ ಡೊಂಪೆರಿಡೋನ್ ಸಾಮಾನ್ಯವಾಗಿ 30 ಮಿಲಿಗ್ರಾಂ ಇರುತ್ತದೆ. ಈ ಡೊಂಪೆರಿಡೋನ್ ಕೂಡ ನಾನು ಹೇಳಿದ ಆ ಕ್ಯೂಟಿ ಅಳತೆಯನ್ನು ಹಿಗ್ಗಿಸುತ್ತದೆ. ಅದನ್ನು ಒಂದು ವಾರಕ್ಕಿಂತ ಹೆಚ್ಚು ಕೊಡಬಾರದು, ಕ್ಯೂಟಿ ಹಿಗ್ಗಿಸುವ ಬೇರೆ ಔಷಧಗಳ ಜೊತೆ ಕೊಡಬಾರದು ಎಂದು ಯುರೋಪಿನ ಔಷಧ ಸಂಸ್ಥೆ 2014ರಲ್ಲಿ ನಿರ್ಬಂಧಿಸಿತು. ಅಮೆರಿಕದಲ್ಲಿ ಅದಕ್ಕೆ ಅನುಮತಿಯನ್ನೇ ಕೊಟ್ಟಿಲ್ಲ. ನಾವು ಅದನ್ನು ವರ್ಷಗಟ್ಟಲೆ ದಿನಾ ನುಂಗುತ್ತೇವೆ. ಇದರ ಮೇಲೆ ಬೇಸಿಗೆಯಲ್ಲಿ ವಾಂತಿಭೇದಿಯಾಗಿ ಪೊಟ್ಯಾಸಿಯಂ ಇಳಿದು, ಅದಕ್ಕೆ ಅಜಿಥ್ರೊಮೈಸಿನ್ನೋ ಇನ್ನೊಂದೋ ಆಂಟಿಬಯಾಟಿಕ್ ಸೇರಿದರೆ, ಅಷ್ಟು ದಿನ ಸುರಕ್ಷಿತವಾಗಿದ್ದ ಖಿನ್ನತೆಯ ಮಾತ್ರೆ ಒಂದೇ ವಾರದಲ್ಲಿ ಅಪಾಯಕಾರಿಯಾಗುತ್ತದೆ.

ಎರಡನೆಯ ಪಟ್ಟಿ ಮಂಡಿನೋವಿನದು: ಡೈಕ್ಲೊಫೆನಾಕ್ ಅಥವಾ ಅಸೆಕ್ಲೊಫೆನಾಕ್. ಆಸ್ಪಿರಿನ್, ಕ್ಲೊಪಿಡೋಗ್ರೆಲ್, ಎಸ್ಸಿಟಾಲೋಪ್ರಾಮ್ ಮೂರೂ ಇರುವ ಹೊಟ್ಟೆಗೆ ಇದು ನಾಲ್ಕನೆಯ ಪೆಟ್ಟು. ಹೃದಯಕ್ಕೂ ಇದು ಒಳ್ಳೆಯದಲ್ಲ. ಪ್ಯಾರಾಸಿಟಮಾಲ್ ಸಾಕಾಗುವ ನೋವಿಗೆ ಅದನ್ನೇ ಬಳಸಿ. ನೋವು ಜೋರಾದಾಗ ಕೊಡುವ ಟ್ರಮಡಾಲ್ ಖಿನ್ನತೆಯ ಮಾತ್ರೆಯ ಜೊತೆ ಸೇರಿ ಸಿರೊಟೋನಿನ್ ವಿಪರೀತ ಏರಿಸಬಲ್ಲದು. ಮೈ ನಡುಕ, ಬೆವರು, ಜ್ವರ, ಗೊಂದಲ ಅದರ ಲಕ್ಷಣಗಳು.

ಮೂರನೆಯ ಪಟ್ಟಿ ಕಾಲುರಿಗೆ. ಸಕ್ಕರೆ ಕಾಯಿಲೆಯವರು ಇದನ್ನು ‘ನರದ ಮಾತ್ರೆ’ ಎನ್ನುತ್ತಾರೆ. ತಿರುಗಿಸಿ ಸಣ್ಣಕ್ಷರ ಓದಿದರೆ ಪ್ರಿಗಬಾಲಿನ್ 75, ನಾರ್ಟ್ರಿಪ್ಟಿಲಿನ್ 10 ಮಿಲಿಗ್ರಾಂ ಎಂದಿರುತ್ತದೆ. ಹೃದ್ರೋಗಿಗಳಿಗೆ ಬೇಡವೆಂದು ನಾನು ಆಗಲೇ ಹೇಳಿದ ಹಳೆಯ ಗುಂಪಿನ ಖಿನ್ನತೆಯ ಮಾತ್ರೆಯೇ ಇದು. ಅಂದರೆ ಈ ವ್ಯಕ್ತಿ ಎರಡು ಖಿನ್ನತೆಯ ಮಾತ್ರೆಗಳನ್ನು ನುಂಗುತ್ತಿದ್ದಾರೆ. ಅದು ಅವರಿಗೂ ತಿಳಿದಿಲ್ಲ, ಅವರ ಮನೋವೈದ್ಯರಿಗೂ ತಿಳಿದಿಲ್ಲ. ಪ್ರಮಾಣ ಚಿಕ್ಕದು ನಿಜ. ಆದರೆ ಫ್ಲುಯೊಕ್ಸೆಟಿನ್ ಅಥವಾ ಪ್ಯಾರೊಕ್ಸೆಟಿನ್ ಜೊತೆಗಿದ್ದರೆ ರಕ್ತದಲ್ಲಿ ಅದು ಚಿಕ್ಕದಾಗಿ ಉಳಿಯುವುದಿಲ್ಲ. ತಲೆನೋವಿಗೆ, ನಿದ್ದೆಗೆ ಎಂದು ಕೊಡುವ ಅಮಿಟ್ರಿಪ್ಟಿಲಿನ್ನಿಗೂ ಇದೇ ಮಾತು.

ವಿದೇಶದಲ್ಲಿರುವ ಮಕ್ಕಳು ಕಳುಹಿಸುವ ‘ಮೂಡ್’ ಗುಳಿಗೆಗಳನ್ನೂ ನೋಡಿ. ಅಮೆರಿಕದಲ್ಲಿ ಚೀಟಿಯಿಲ್ಲದೆ ಸಿಗುವ ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆ ವಾರ್ಫರಿನ್‌ನ ಮತ್ತು ಹೃದಯಕ್ಕೆ ಕೊಡುವ ಡಿಗಾಕ್ಸಿನ್ ಎಂಬ ಮಾತ್ರೆಯ ಶಕ್ತಿಯನ್ನು ಇಳಿಸಿಬಿಡುತ್ತದೆ.

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಸ್ಟೆಂಟ್ ಹಾಕಿಸಿಕೊಂಡು ಊರಿಗೆ ಮರಳುತ್ತೇವೆ. ಖಿನ್ನತೆಗೆ ಜಿಲ್ಲಾಸ್ಪತ್ರೆಯಲ್ಲಿ ತೋರಿಸುತ್ತೇವೆ. ನೋವಿಗೆ ಬೀದಿಯ ಕೊನೆಯ ಕ್ಲಿನಿಕ್, ಗ್ಯಾಸಿಗೆ ಔಷಧಿ ಅಂಗಡಿ. ಈ ನಾಲ್ವರೂ ಒಂದೆಡೆ ಸೇರುವುದು ನಿಮ್ಮ ಪ್ಲಾಸ್ಟಿಕ್ ಕವರಿನಲ್ಲಿ ಮಾತ್ರ. ಆದ್ದರಿಂದ ಯಾವ ವೈದ್ಯರ ಬಳಿ ಹೋದರೂ ಆ ಕವರನ್ನು ಹಾಗೆಯೇ ಒಯ್ಯಿರಿ. ಹೆಸರು ಬರೆದುಕೊಂಡು ಹೋದರೆ ಗ್ಯಾಸ್ ಮಾತ್ರೆ, ಚೂರ್ಣ ಬಿಟ್ಟುಹೋಗುತ್ತವೆ, ಕವರಿನಲ್ಲಿ ಬಿಟ್ಟುಹೋಗುವುದಿಲ್ಲ. ಖಿನ್ನತೆಯ ಮಾತ್ರೆ ಶುರು ಮಾಡುವ ಮೊದಲು ಒಂದು ಇಸಿಜಿ, ಸೋಡಿಯಂ ಮತ್ತು ಪೊಟ್ಯಾಸಿಯಂ ಪರೀಕ್ಷೆ ಆಗಲಿ. ಸರ್ಟ್ರಾಲಿನ್ 25, ಎಸ್ಸಿಟಾಲೋಪ್ರಾಮ್ 5 ಮಿಲಿಗ್ರಾಮಿನಿಂದ ಆರಂಭಿಸಿ ನಿಧಾನವಾಗಿ ಏರಿಸುವುದು ಹಿರಿಯರಿಗೆ ಒಗ್ಗುತ್ತದೆ. ಮೊದಲ ವಾರ ಹೊಟ್ಟೆ ತೊಳಸಬಹುದು, ಚಡಪಡಿಕೆ ಆಗಬಹುದು. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಅಷ್ಟರಲ್ಲಿ ಎದೆ ಹಿಡಿದುಕೊಂಡಂತಾಗಿ ಬೆವರಿದರೆ ‘ಇದು ಮಾತ್ರೆಯ ಆತಂಕವಿರಬೇಕು’ ಎಂದು ಮನೆಯಲ್ಲೇ ತೀರ್ಮಾನಿಸಬೇಡಿ, ಇಸಿಜಿ ಆಗಲೇಬೇಕು. ಬದುಕುವುದೇ ಬೇಡ ಎಂಬ ಮಾತು ಬಾಯಿಗೆ ಬಂದರೆ ಅವರನ್ನು ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ. 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಗೆ ಹಗಲಿರುಳು ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ಗುಣವಾಯಿತೆಂದು ತಾವಾಗಿಯೇ ನಿಲ್ಲಿಸುವುದೂ ಬೇಡ. ಚೇತರಿಸಿಕೊಂಡ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ, ವೈದ್ಯರು ಹೇಳಿದಂತೆ ವಾರಗಳ ಅವಧಿಯಲ್ಲಿ ಇಳಿಸಬೇಕು. ಎಸ್ಸಿಟಾಲೋಪ್ರಾಮ್ ಜೊತೆ, ಆತಂಕ ತಗ್ಗಿಸಿ ನಿದ್ದೆ ತರಿಸುವ ಕ್ಲೊನಜಪಾಮ್ ಬೆರೆತ ಮಾತ್ರೆ ನಿಮ್ಮದಾಗಿದ್ದರೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಅಭ್ಯಾಸವಾಗುವುದು ಆ ಕ್ಲೊನಜಪಾಮ್. ರಾತ್ರಿ ಬಚ್ಚಲಿನಲ್ಲಿ ಜಾರಿ ಬೀಳಿಸುವುದೂ ಅದೇ. ಅದು ಕೆಲವು ವಾರಗಳ ಮಟ್ಟಿಗೆ ಕೊಡುವ ಔಷಧ.

ಪ್ರಶ್ನೆಗಳ ಹೊತ್ತಿನಲ್ಲಿ ಹೆಸರಿಲ್ಲದ ಒಂದು ಚೀಟಿ ಬಂತು. ಖಿನ್ನತೆಯ ಮಾತ್ರೆ ಶುರುವಾದ ಮೇಲೆ ದಾಂಪತ್ಯ ಜೀವನದಲ್ಲಿ ಆಸಕ್ತಿ, ಶಕ್ತಿ ಎರಡೂ ಕುಗ್ಗಿವೆ, ಅಂಗಡಿಯಲ್ಲಿ ಸಿಗುವ ಮಾತ್ರೆ ತೆಗೆದುಕೊಳ್ಳಬಹುದೇ ಎಂದು ಕೇಳಿದ್ದರು. ಇದನ್ನು ಬರೆದವರಿಗೆ ನಾನು ಕೃತಜ್ಞ. ಸರ್ಟ್ರಾಲಿನ್, ಎಸ್ಸಿಟಾಲೋಪ್ರಾಮ್‌ಗಳಿಂದ ಹೀಗಾಗುವುದು ಸಾಮಾನ್ಯ, ನಾಚಿಕೆಪಡುವ ವಿಷಯವಲ್ಲ. ಆದರೆ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಸಿಲ್ಡೆನಾಫಿಲ್ ಅಥವಾ ಟಡಾಲಾಫಿಲ್. ಎದೆನೋವಿಗೆಂದು ನಾಲಿಗೆಯ ಕೆಳಗೆ ಇಟ್ಟುಕೊಳ್ಳುವ ಸಾರ್ಬಿಟ್ರೇಟ್ ಅಥವಾ ದಿನವೂ ನುಂಗುವ ಯಾವುದೇ ನೈಟ್ರೇಟ್ ಮಾತ್ರೆ ನಿಮ್ಮ ಬಳಿ ಇದ್ದರೆ ಇವುಗಳನ್ನು ಮುಟ್ಟಲೇಬಾರದು. ಎರಡೂ ಸೇರಿದರೆ ಬಿಪಿ ಪ್ರಾಣಕ್ಕೇ ಅಪಾಯವಾಗುವಷ್ಟು ಕುಸಿಯುತ್ತದೆ. ಯಾರಿಗೂ ಹೇಳದೆ ತೆಗೆದುಕೊಂಡಿದ್ದು, ಆಮೇಲೆ ಎದೆನೋವು ಬಂದರೆ, ಆಸ್ಪತ್ರೆಗೆ ಹೋದ ಕೂಡಲೇ ಮೊದಲು ಹೇಳಬೇಕಾದ ಮಾತು ಅದೇ. ಸಿಲ್ಡೆನಾಫಿಲ್ ಆದರೆ 24 ಗಂಟೆ, ಟಡಾಲಾಫಿಲ್ ಆದರೆ 48 ಗಂಟೆ ಅವರು ನೈಟ್ರೇಟ್ ಕೊಡುವಂತಿಲ್ಲ. ಖಿನ್ನತೆಯ ಮಾತ್ರೆಯ ಪ್ರಮಾಣ ತಗ್ಗಿಸಲು, ಇಲ್ಲವೇ ಈ ತೊಂದರೆ ಕಡಿಮೆ ಇರುವ ಮಿರ್ಟಜಪಿನ್‌ನಂಥ ಬೇರೆ ಮಾತ್ರೆಗೆ ಬದಲಿಸಲು ನಿಮ್ಮ ಮನೋವೈದ್ಯರಿಗೆ ಸಾಧ್ಯವಿದೆ. ಎದುರಿಗೆ ಹೇಳಲು ಸಂಕೋಚವಾದರೆ ಇಲ್ಲಿ ಮಾಡಿದಂತೆ ಅಲ್ಲೂ ಒಂದು ಚೀಟಿ ಬರೆದುಕೊಡಿ.